ಸೂಚನಾ ಫಲಕವೂ ನಿಸ್ತಂತು ಜಾಲವೂ

'ಸೂಚನೆ' ಎಂಬ ಶಬ್ದವು ಸಂಸ್ಕೃತದ 'ಸೂಚ್' ಧಾತುವಿನಿಂದ ನಿಷ್ಪನ್ನವಾದುದು. ತೋರಿಸಿಕೊಡುವುದು, ತಿಳಿಯಪಡಿಸುವುದು ಎಂದು ಅದರ ಅರ್ಥ. ವಿದ್ಯಾಶಾಲೆಗಳಲ್ಲಿ ಈ ಕಾರ್ಯವನ್ನು ಬಹುಕಾಲ ನಿರ್ವಹಿಸಿದುದು ಕರಿಹಲಗೆ. ಈಗ ಅನೇಕ ಶಾಲೆಗಳ ಮುಂಭಾಗದಲ್ಲಿ ಅದರ ಸ್ಥಾನಕ್ಕೆ ಡಿಜಿಟಲ್ ಫಲಕವು ಬಂದಿದೆ. ಕಾರ್ಯಾಲಯದಲ್ಲಿ ಸಿದ್ಧಪಡಿಸಿದ ಪರೀಕ್ಷಾ ವೇಳಾಪಟ್ಟಿಯು ಅಲ್ಪಕಾಲದಲ್ಲಿಯೇ ಹೊರಗಿನ ಫಲಕದಲ್ಲಿ ಮೂಡುವುದು ನಿಜಕ್ಕೂ ದೊಡ್ಡ ಅನುಕೂಲ.

ಆದರೆ ಈ ಫಲಕಕ್ಕೆ ಒಂದು ವಿಶೇಷ ದೋಷವುಂಟು. ಜಾಲದ ಸಂಪರ್ಕವು ಕಡಿದುಹೋದರೂ ಅದು ಸಾಮಾನ್ಯವಾಗಿ ಕಪ್ಪಾಗುವುದಿಲ್ಲ. ತನ್ನ ಸ್ಮೃತಿಯಲ್ಲಿ ಉಳಿದಿರುವ ಹಳೆಯ ಸೂಚನೆಯನ್ನೇ ಹೊಸದೆಂಬಂತೆ ಬೆಳಗುತ್ತಿರುತ್ತದೆ. ಪರೀಕ್ಷೆಯ ದಿನಾಂಕ ಬದಲಾದುದನ್ನು ಅರಿಯದೆ ಅದನ್ನೇ ನಂಬಿದ ವಿದ್ಯಾರ್ಥಿಗೆ ಒದಗುವ ಹಾನಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಫಲಕವು ಜಾಲವನ್ನು ಸೇರುವ ಕ್ರಮವನ್ನು ಅಧ್ಯಾಪಕರೂ ತಿಳಿದಿರುವುದು ಅವಶ್ಯಕ.

ಅಂಗಗಳು

ಈ ವ್ಯವಸ್ಥೆಗೆ ಮೂರು ಮುಖ್ಯ ಅಂಗಗಳು: ಚಿತ್ರವನ್ನು ತೋರುವ ಪರದೆ, ಅದಕ್ಕೆ ಚಿತ್ರವನ್ನು ಒದಗಿಸುವ 'ಪ್ಲೇಯರ್' ಎಂಬ ಸಣ್ಣ ಯಂತ್ರ, ಮತ್ತು ನಿಸ್ತಂತು ಜಾಲವನ್ನು ಹರಡುವ ರೂಟರ್. ಪ್ಲೇಯರ್ ಆಗಿ ಬಳಕೆಯಾಗುವ ಯಂತ್ರಗಳಲ್ಲಿ ರಾಸ್ಪ್‌ಬೆರಿ ಪೈ ಪ್ರಸಿದ್ಧವಾದುದು. 2012ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಈ ಅಂಗೈಯಗಲದ ಗಣಕಯಂತ್ರವು ಮೂಲತಃ ಮಕ್ಕಳ ಗಣಕಶಿಕ್ಷಣಕ್ಕಾಗಿಯೇ ರೂಪುಗೊಂಡುದು. 2016ರಲ್ಲಿ ಬಂದ ಅದರ ಮೂರನೆಯ ಮಾದರಿಯಲ್ಲಿ ವೈಫೈ ಸೌಲಭ್ಯವು ಯಂತ್ರದೊಳಗೇ ಸೇರಿತು.

ವೈಫೈ ಬಳಸುವ ರೇಡಿಯೋ ತರಂಗಗಳಲ್ಲಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳು ಮುಖ್ಯವಾದುವು. ಮೊದಲನೆಯದು ಗೋಡೆಗಳನ್ನು ದಾಟಿ ದೂರ ಹೋಗಬಲ್ಲುದು. ಎರಡನೆಯದು ವೇಗದಲ್ಲಿ ಮೇಲು, ಆದರೆ ದಪ್ಪಗೋಡೆಯ ಮುಂದೆ ಬೇಗ ಸೊರಗುತ್ತದೆ. ಕಲ್ಲುಗೋಡೆಯ ಹಳೆಯ ಕಟ್ಟಡಗಳಲ್ಲಿ ಮೊದಲನೆಯದೇ ಹೆಚ್ಚು ಉಪಯುಕ್ತ. ಲೋಹವು ತರಂಗಗಳನ್ನು ತಡೆಯುವುದರಿಂದ ಪ್ಲೇಯರನ್ನು ಪರದೆಯ ಬೆನ್ನಿನ ಲೋಹದ ತಗಡಿಗೆ ಅಂಟಿಸದೆ, ಅಂಚಿನಿಂದ ಸ್ವಲ್ಪ ಹೊರಚಾಚಿದಂತೆ ಇರಿಸುವುದು ಲೇಸು.

ಜೋಡಣೆಯ ನಾಲ್ಕು ಮೆಟ್ಟಿಲುಗಳು

ಮೊದಲನೆಯದು ಹೆಸರು. ಪ್ರತಿಯೊಂದು ಜಾಲಕ್ಕೂ ಒಂದು ಹೆಸರಿರುತ್ತದೆ. ಪ್ಲೇಯರಿಗೆ ಕೀಲಿಮಣೆಯನ್ನು ಜೋಡಿಸಿ, ಸಂಯೋಜನಾ ಪುಟವನ್ನು ತೆರೆದು, ಮೊದಲು ದೇಶವನ್ನು 'ಭಾರತ' ಎಂದು ಆರಿಸಿ, ಬಳಿಕ ಜಾಲದ ಹೆಸರನ್ನು ಆರಿಸಬೇಕು. ಬಳಸಬಹುದಾದ ತರಂಗಗಳ ನಿಯಮವು ದೇಶದಿಂದ ದೇಶಕ್ಕೆ ಭಿನ್ನವಾದುದರಿಂದ ದೇಶದ ಹೆಸರನ್ನು ಬಿಡಲಾಗದು.

ಎರಡನೆಯದು ಪಾಸ್‌ವರ್ಡ್. ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳು ಇಲ್ಲಿ ಬೇರೆ ಬೇರೆಯೇ. ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸದಿಂದ 'ದನ'ವು 'ಧನ'ವಾಗುವಂತೆ, ಒಂದಕ್ಷರ ತಪ್ಪಿದರೂ ಬಾಗಿಲು ತೆರೆಯದು. ಕಾರ್ಯಾಲಯದವರು ಪಾಸ್‌ವರ್ಡನ್ನು ಬದಲಾಯಿಸಿ, ಎಲ್ಲರಿಗೂ ತಿಳಿಸಿ, ಫಲಕಕ್ಕೆ ಮಾತ್ರ 'ತಿಳಿಸಲು' ಮರೆಯುವುದು ತೀರ ಸಾಮಾನ್ಯ ಪ್ರಮಾದ. ಅಲ್ಲದೆ ಕೆಲವು ಜಾಲಗಳು ಪ್ರವೇಶಕ್ಕೆ ಮುನ್ನ ಒಂದು ಪುಟವನ್ನು ತೆರೆದು ಒಪ್ಪಿಗೆ ಕೇಳುತ್ತವೆ. ಒಪ್ಪಿಗೆಯ ಗುಂಡಿಯನ್ನೊತ್ತಲು ಫಲಕದ ಬಳಿ ಯಾರೂ ಇರುವುದಿಲ್ಲವಾದುದರಿಂದ ಅಂತಹ ಜಾಲವು ಅದಕ್ಕೆ ಹೊಂದದು.

ಮೂರನೆಯದು ವಿಳಾಸ. ಒಳಬಂದ ಯಂತ್ರಕ್ಕೆ ರೂಟರು ನಾಲ್ಕು ಸಂಖ್ಯೆಗಳ ಒಂದು ವಿಳಾಸವನ್ನು ಕೊಡುತ್ತದೆ. ಅದಿಲ್ಲದೆ ಫಲಕಕ್ಕೆ ಸೂಚನೆಯು ತಲಪದು. ಕೆಲವು ಯಂತ್ರಗಳಲ್ಲಿ ವಿಳಾಸವು 169.254 ಎಂದು ಆರಂಭವಾದರೆ, ರೂಟರಿನಿಂದ ವಿಳಾಸ ಸಿಗದೆ ಯಂತ್ರವೇ ಒಂದನ್ನು ಕಲ್ಪಿಸಿಕೊಂಡಿದೆ ಎಂದು ತಿಳಿಯಬೇಕು.

ನಾಲ್ಕನೆಯದು ಕಾಲ. ಇದನ್ನು ಬಹುಮಂದಿ ಗಮನಿಸುವುದಿಲ್ಲ. 2023ರಲ್ಲಿ ಬಂದ ಐದನೆಯ ಮಾದರಿಗೆ ಮುಂಚಿನ ರಾಸ್ಪ್‌ಬೆರಿ ಪೈಗಳಲ್ಲಿ ವಿದ್ಯುತ್ತಿಲ್ಲದಾಗಲೂ ನಡೆಯುವ ಗಡಿಯಾರವಿಲ್ಲ. ಐದನೆಯದರಲ್ಲಿಯೂ ಅದಕ್ಕೆ ಪ್ರತ್ಯೇಕ ಬ್ಯಾಟರಿ ಬೇಕು. ವಿದ್ಯುತ್ತು ಹೋಗಿ ಬಂದಾಗ ಯಂತ್ರವು ಹಿಂದಿನ ವೇಳೆಯಲ್ಲೇ ನಿಂತಿದ್ದು, ಜಾಲದಿಂದ ಸರಿಯಾದ ಕಾಲವನ್ನು ಕೇಳಿ ಪಡೆಯುತ್ತದೆ. ಅದು ದೊರೆಯದಿದ್ದರೆ ಸೂಚನೆಗಳನ್ನು ಕಳಿಸುವ ಗಣಕದ ಪ್ರಮಾಣಪತ್ರದ ಅವಧಿಯನ್ನು ಸರಿಯಾಗಿ ಪರಿಶೀಲಿಸಲಾಗದೆ, ಜಾಲವಿದ್ದೂ ಸಂಬಂಧವನ್ನು ನಿರಾಕರಿಸಬಹುದು.

ಪರಿಹಾರಕ್ರಮ

ಫಲಕವು ಕೆಟ್ಟಾಗ ಎಲ್ಲವನ್ನೂ ಕಿತ್ತು ಜೋಡಿಸುವ ಆತುರ ಸಲ್ಲದು. ಹೆಸರು ಕಾಣುತ್ತಿದೆಯೇ, ಪಾಸ್‌ವರ್ಡ್ ಒಪ್ಪಿತವಾಯಿತೇ, ವಿಳಾಸ ದೊರಕಿತೇ, ಕಾಲ ಸರಿಯಿದೆಯೇ ಎಂದು ಕ್ರಮವಾಗಿ ಕೇಳುತ್ತ ಹೋದರೆ, 'ಇಲ್ಲ' ಎಂಬ ಮೊದಲ ಉತ್ತರವು ದೊರೆತಲ್ಲಿಯೇ ದೋಷವನ್ನು ಹುಡುಕಬೇಕು. ಸಾಧ್ಯವಿದ್ದೆಡೆ ತಂತಿಯ ಸಂಪರ್ಕವೇ ಹೆಚ್ಚು ಸ್ಥಿರವೆಂಬುದನ್ನೂ ಮರೆಯಬಾರದು.

ಇಷ್ಟಾದರೂ ಸಂಪರ್ಕವು ಎಂದಾದರೊಮ್ಮೆ ಕಡಿಯುವುದು ಸಹಜ. ಆದಕಾರಣ ಪ್ರತಿಯೊಂದು ಸೂಚನೆಯ ಕೆಳಗೂ ಅದನ್ನು ಪ್ರಕಟಿಸಿದ ದಿನಾಂಕವನ್ನು ನಮೂದಿಸುವ ಪದ್ಧತಿಯನ್ನು ಶಾಲೆಗಳು ಇರಿಸಿಕೊಳ್ಳಬೇಕು. ದಿನಕ್ಕೊಮ್ಮೆ ಫಲಕದ ಮುಂದೆ ನಿಂತು ಓದುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು. ಕರಿಹಲಗೆಯ ಕಾಲದಲ್ಲಿ ಹಳೆಯ ಬರಹವನ್ನು ಅಳಿಸುವ ಕೈಯೊಂದಿತ್ತು. ಯಂತ್ರವು ಬಂದ ಮಾತ್ರಕ್ಕೆ ಆ ಕೈಯ ಕರ್ತವ್ಯವು ಮುಗಿದಂತಾಗಲಿಲ್ಲ.