ತೋಟದ ಮನೆಗೆ ತಂದ ನಾಯಿಮರಿ: ಕೂಡಿಡಲು ಸುರಕ್ಷಿತ ವಿಧಾನ ಯಾವುದು?

ಬೆಳೆ ಕಟಾವಿಗೆ ಬರುವ ಹೊತ್ತಿಗೆ ತೋಟದ ಮನೆಗಳಲ್ಲಿ ಹೊಸದೊಂದು ನಾಯಿಮರಿ ಕಾಣಿಸಿಕೊಳ್ಳುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಮುಸುಕಿನ ಜೋಳಕ್ಕೆ ಹಂದಿಯ ಕಾಟ, ಕಣದಲ್ಲಿ ರಾಶಿ, ಕೊಟ್ಟಿಗೆಯಲ್ಲಿ ಎಳಗರು, ಅಂಗಳದಲ್ಲಿ ಕೋಳಿ, ಇವೆಲ್ಲಕ್ಕೂ ಕಾವಲು ಬೇಕು. ಮರಿಯನ್ನು ತರುವಾಗ ಅದರ ತಾಯಿ ಎಂಥದು, ಜಾತಿ ಯಾವುದು, ಕಾಲಿನಲ್ಲಿ ಉಗುರು ಎಷ್ಟು ಎಂದೆಲ್ಲ ವಿಚಾರಿಸುವ ರೈತರು, ಅದನ್ನು ಎಲ್ಲಿ ಇಡಬೇಕೆಂಬುದನ್ನು ಮಾತ್ರ ಮರಿ ಮನೆಗೆ ಬಂದ ಮೇಲೆ ಯೋಚಿಸುತ್ತಾರೆ. ಅಷ್ಟರಲ್ಲಿ ಕೈಗೆ ಸಿಕ್ಕ ಕಣ್ಣಿಯಲ್ಲಿ ಅದನ್ನು ಕಂಬಕ್ಕೆ ಕಟ್ಟಿ ಆಗಿರುತ್ತದೆ.

ಬೇಸಾಯಶಾಸ್ತ್ರ ಕಲಿಸುವವನಿಗೆ ನಾಯಿಮರಿಯ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. ತೋಟದ ಮನೆಯಲ್ಲಿ ಎಳೆಯ ಮರಿಯ ಪ್ರಾಣಕ್ಕೆ ಎರವಾಗುವ ವಸ್ತುಗಳಲ್ಲಿ ಹೆಚ್ಚಿನವು ನಾವು ಬೆಳೆಗಾಗಿ ತಂದಿಟ್ಟುಕೊಂಡವೇ ಆಗಿವೆ. ಅವುಗಳನ್ನು ಶಿಫಾರಸು ಮಾಡುವವರು ನಾವಾದುದರಿಂದ ಈ ಮಾತನ್ನು ಹೇಳುವ ಹೊಣೆಯೂ ನಮ್ಮದೇ.

ಮರಿಗೆ ಅಪಾಯ ಎಲ್ಲಿಂದ?

ಎರಡು ತಿಂಗಳ ಮರಿ ಜಗತ್ತನ್ನು ಬಾಯಿಯಿಂದಲೇ ಪರೀಕ್ಷಿಸುತ್ತದೆ. ಮೂಸಿದ್ದನ್ನು ನೆಕ್ಕುತ್ತದೆ, ನೆಕ್ಕಿದ್ದನ್ನು ಕಚ್ಚುತ್ತದೆ.

ಮೊದಲನೆಯದು ಇಲಿ ಪಾಷಾಣ. ಸತುವಿನ ಫಾಸ್ಫೈಡ್ ಬೆರೆಸಿದ ಕಾಳು ಹೊಟ್ಟೆಯ ಆಮ್ಲದೊಡನೆ ಸೇರಿದಾಗ ಫಾಸ್ಫೀನ್ ಎಂಬ ವಿಷಾನಿಲ ಉತ್ಪತ್ತಿಯಾಗುತ್ತದೆ. ಇದಕ್ಕೆ ಪ್ರತ್ಯೇಕ ಮದ್ದಿಲ್ಲ. ಬ್ರೋಮಾಡಿಯೋಲೋನ್ ಬಿಲ್ಲೆಗಳ ವಿಷ ಬೇರೆ ರೀತಿಯದು. ರಕ್ತ ಹೆಪ್ಪುಗಟ್ಟುವ ಗುಣವನ್ನು ಅದು ತಡೆಯುವುದರಿಂದ ಮರಿ ತಿಂದ ದಿನ ಆಟವಾಡಿಕೊಂಡೇ ಇರುತ್ತದೆ. ಮೂರು ನಾಲ್ಕು ದಿನಗಳ ಮೇಲೆ ವಸಡು ಬಿಳಿಚಿ, ಮೂಗಿನಲ್ಲಿ ಅಥವಾ ಮಲದಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ಬಿಲ್ಲೆ ಇಟ್ಟ ನೆನಪೇ ಮನೆಯವರಿಗೆ ಇರುವುದಿಲ್ಲ. ತಿಂದದ್ದು ಬೇಗ ಗೊತ್ತಾದರೆ ಪಶುವೈದ್ಯರು ಕೆ-1 ಜೀವಸತ್ವವನ್ನು ಕೊಟ್ಟು ಮರಿಯನ್ನು ಉಳಿಸಬಲ್ಲರು.

ಎರಡನೆಯದು ಹುಳುಗಳಿಗಾಗಿ ಕಲಸುವ ವಿಷ ತಿನಿಸು. 2018ರಲ್ಲಿ ಶಿವಮೊಗ್ಗದ ಕಡೆ ಮುಸುಕಿನ ಜೋಳದಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲಿಗೆ ಕಂಡುಬಂದ ಮೇಲೆ ಈ ತಿನಿಸಿನ ಬಳಕೆ ಮತ್ತೆ ಹೆಚ್ಚಾಯಿತು. 10 ಕಿಲೋ ಅಕ್ಕಿ ತೌಡು, 2 ಕಿಲೋ ಬೆಲ್ಲ, ನೀರು ಸೇರಿಸಿ ಒಂದು ದಿನ ಹುಳಿ ಬರಿಸಿ, ಬಳಿಕ 100 ಗ್ರಾಂ ಥಯೋಡಿಕಾರ್ಬ್ ಬೆರೆಸುವುದು ಅದರ ಕ್ರಮ. ಹುಳಿತ ಬೆಲ್ಲದ ವಾಸನೆಗೆ ಹುಳು ಮಾತ್ರವಲ್ಲ, ನಾಯಿಯೂ ಬರುತ್ತದೆ. ತೌಡು ನೆನೆಹಾಕಿದ ಬಕೀಟನ್ನು ಜಗಲಿಯ ಕೆಳಗೆ ಇಡುವ ಅಭ್ಯಾಸ ಅನೇಕ ಕಡೆ ಇದೆ. ಅಡಿಕೆ ತೋಟದಲ್ಲಿ ಬಸವನ ಹುಳುವಿಗೆ ಎರಚುವ ಮೆಟಾಲ್ಡಿಹೈಡ್ ಗುಳಿಗೆಯೂ ಇಂಥದೇ. ತಿಂದ ನಾಯಿ ನಡುಗಿ, ಸೆಡೆತು ಬೀಳುತ್ತದೆ.

ಮೂರನೆಯದನ್ನು ಯಾರೂ ವಿಷವೆಂದು ಭಾವಿಸುವುದೇ ಇಲ್ಲ. ಅದು ಹರಳಿಂಡಿ. ಗೊಬ್ಬರವಾಗಿ ಬಹಳ ಒಳ್ಳೆಯದು. ಆದರೆ ಹರಳು ಬೀಜದಲ್ಲಿರುವ ರಿಸಿನ್ ಎಂಬ ವಿಷ ಎಣ್ಣೆಯೊಡನೆ ಹೋಗದೆ ಹಿಂಡಿಯಲ್ಲೇ ಉಳಿಯುತ್ತದೆ. ನಾಯಿಗಳಿಗೆ ಹಿಂಡಿಯ ರುಚಿ ಹಿಡಿಸುತ್ತದೆ. ಅದರಲ್ಲೂ ಮೂಳೆ ಗೊಬ್ಬರದೊಡನೆ ಬೆರೆಸಿದ್ದರೆ ಗಿಡದ ಬುಡವನ್ನೇ ಕೆದಕಿ ತಿನ್ನುತ್ತವೆ. ವಾಂತಿ, ರಕ್ತಭೇದಿಗಳು ತಿಂದ ಕೆಲವು ಗಂಟೆಗಳ ಮೇಲೆ, ಕೆಲವೊಮ್ಮೆ ಮಾರನೆಯ ದಿನ ತೋರುತ್ತವೆ. ಬೀಜೋಪಚಾರ ಮಾಡಿ ನೆರಳಲ್ಲಿ ಹರಡಿದ ಶೇಂಗಾ ಬೀಜದ ವಿಷಯದಲ್ಲೂ ಇದೇ ಎಚ್ಚರ ಬೇಕು.

ಇವಲ್ಲದೆ ಕಟ್ಟೆಯಿಲ್ಲದ ಬಾವಿ, ಕೃಷಿ ಹೊಂಡದ ಜಾರುವ ಪ್ಲಾಸ್ಟಿಕ್ ಹಾಳೆ, ಹಸುವಿನ ಗೊರಸು, ಹಿಂದಕ್ಕೆ ಬರುವ ಟ್ರಾಕ್ಟರು ಇವೆಲ್ಲ ಇದ್ದೇ ಇವೆ. ಹೊಂಡಕ್ಕೆ ಇಳಿದ ಮರಿಗೆ ಈಜು ಬಂದರೂ ಹಾಳೆಯ ಮೇಲೆ ಹತ್ತಿ ಬರಲು ಸಾಧ್ಯವಾಗದು.

ರೂಢಿಯಲ್ಲಿರುವ ವಿಧಾನಗಳು

ಕಟ್ಟಿಹಾಕುವುದು ಎಲ್ಲಕ್ಕಿಂತ ಸುಲಭವೆಂದು ಕಂಡರೂ ಎಳೆಯ ಮರಿಗೆ ಎಲ್ಲಕ್ಕಿಂತ ಕೆಟ್ಟದ್ದು ಇದೇ ಎಂಬುದು ನನ್ನ ಅಭಿಪ್ರಾಯ. ಮರಿ ಕಂಬದ ಸುತ್ತ ಸುತ್ತಿ ಸುತ್ತಿ ಹಗ್ಗ ಗೇಣುದ್ದಕ್ಕೆ ಬರುತ್ತದೆ. ನೀರಿನ ಪಾತ್ರೆ ದೂರ ಉಳಿಯುತ್ತದೆ, ನೆರಳು ಸರಿದು ಹೋಗುತ್ತದೆ. ಜಗಲಿಯ ಮೇಲೆ ಕಟ್ಟಿದ ಮರಿ ಅಂಚಿನಿಂದ ಕೆಳಕ್ಕೆ ಹಾರಿದರೆ, ಹಗ್ಗ ನೆಲ ಮುಟ್ಟುವಷ್ಟು ಉದ್ದವಿಲ್ಲದಿದ್ದಲ್ಲಿ, ನೇಣು ಹಾಕಿಕೊಂಡಂತೆಯೇ. ಬೆಳೆಯುವ ಮರಿಯ ಕೊರಳಪಟ್ಟಿ ಹದಿನೈದು ದಿನಗಳಲ್ಲೇ ಬಿಗಿಯಾಗುತ್ತದೆ. ಇದರ ಮೇಲೆ, ಕಟ್ಟಿದ ನಾಯಿಗೆ ಬೀದಿ ನಾಯಿಯಿಂದಾಗಲಿ ಚಿರತೆಯಿಂದಾಗಲಿ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಮಲೆನಾಡಿನಲ್ಲಷ್ಟೇ ಅಲ್ಲ, ತುಮಕೂರು, ರಾಮನಗರ, ಮೈಸೂರು ಕಡೆಯ ಕಲ್ಲುಗುಡ್ಡಗಳ ಅಂಚಿನ ಊರುಗಳಲ್ಲೂ ಚಿರತೆ ಜಗಲಿಯಿಂದ ನಾಯಿಯನ್ನು ಒಯ್ಯುವುದು ರೈತರಿಗೆ ಹೊಸದಲ್ಲ.

ಕಾನೂನಿನ ಮಾತನ್ನೂ ಇಲ್ಲೇ ಹೇಳಬಹುದು. 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ 11ನೆಯ ಪ್ರಕರಣದಂತೆ, ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಪ್ರಾಣಿಯನ್ನು ಅತಿಯಾದ ಹೊತ್ತು ಕಟ್ಟಿಹಾಕುವುದು, ಅಲುಗಾಡಲೂ ಸಾಲದ ಗೂಡಿನಲ್ಲಿಡುವುದು, ಸದಾ ಕಟ್ಟಿಟ್ಟ ನಾಯಿಯನ್ನು ಓಡಾಡಿಸದಿರುವುದು ಅಪರಾಧಗಳು.

ಕೋಳಿ ಮುಚ್ಚುವ ಬಿದಿರು ಬುಟ್ಟಿಯನ್ನು ಮರಿಯ ಮೇಲೆ ಕವುಚಿ, ಮೇಲೊಂದು ಕಲ್ಲು ಹೇರುವುದು ಇನ್ನೊಂದು ಪದ್ಧತಿ. ಅಂಗಳ ಸಾರಿಸುವಷ್ಟು ಹೊತ್ತು, ಅದೂ ನೆರಳಿನಲ್ಲಿ, ಅಡ್ಡಿಯಿಲ್ಲ. ಅರ್ಧ ದಿನಕ್ಕೆ ಸಲ್ಲದು. ಮರಿ ಬುಟ್ಟಿಯನ್ನು ತಳ್ಳಿದಾಗ ಕಲ್ಲು ಅದರ ಮೇಲೇ ಉರುಳಬಹುದು. ಸೀಳಿದ ಬಿದಿರಿನ ಸಿಬಿರು ಬಾಯಿಗೆ ಚುಚ್ಚುತ್ತದೆ.

ಗೊಬ್ಬರ, ಔಷಧಿ ಇಡುವ ಕೋಣೆಯಲ್ಲಿ ಕೂಡಿಹಾಕುವ ಬಗ್ಗೆ ಮೇಲೆ ಹೇಳಿದ್ದೇ ಸಾಕು. ಕೊಟ್ಟಿಗೆಯ ಮೂಲೆ ಅನೇಕರಿಗೆ ಒಪ್ಪಿಗೆಯಾಗುವ ಸ್ಥಳ. ಆದರೆ ಅಲ್ಲಿ ಉಣ್ಣೆ ಹೆಚ್ಚು, ಗಂಜಲದ ತೇವ ಹೆಚ್ಚು, ಹೊಸದಾಗಿ ಕರು ಹಾಕಿದ ಹಸು ನಾಯಿಯ ವಾಸನೆಗೇ ಒದೆಯುತ್ತದೆ. ತಗಡಿನ ಗೂಡಂತೂ ಮಾರ್ಚಿನಿಂದ ಮೇವರೆಗೆ ಒಲೆಯೇ ಸರಿ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ತೇಗುವುದರಿಂದಲೇ ಮೈ ತಂಪು ಮಾಡಿಕೊಳ್ಳಬೇಕು. ಗಾಳಿಯಾಡದ ಕಡೆ ಅದೂ ಸಾಗದು.

ನಾವು ಸೂಚಿಸುವ ಏರ್ಪಾಡು

ಹಗಲಿಗೆ ಒಂದು ಚಿಕ್ಕ ಕಟಾಂಜನದ ಆವರಣ, ರಾತ್ರಿಗೆ ಮನೆಯೊಳಗೆ ಒಂದು ಪೆಟ್ಟಿಗೆ. ಈ ಎರಡೂ ಇದ್ದರೆ ಉಳಿದ ಯಾವುದೂ ಬೇಕಾಗದು.

ಆವರಣವು 5 ಅಡಿ ಉದ್ದ, 4 ಅಡಿ ಅಗಲ, 3 ಅಡಿ ಎತ್ತರ ಇರಲಿ. ನಾಲ್ಕು ತಿಂಗಳವರೆಗೆ ಒಂದು ಮರಿಗೆ ಇದು ಸಾಕು. ಮುಧೋಳ ತಳಿಯಂಥ ಉದ್ದ ಕಾಲಿನ ಮರಿಯಾದರೆ ಮೂರನೆಯ ತಿಂಗಳಿಗೇ ಎತ್ತರವನ್ನು 5 ಅಡಿಗೆ ಏರಿಸಬೇಕಾಗುತ್ತದೆ. ಅಡಿಕೆ ದಬ್ಬೆ, ಬಿದಿರು ದಬ್ಬೆ, ಹಳೆಯ ರೀಪು ಯಾವುದಾದರೂ ಆದೀತು. ಸಿಬಿರು ಹೋಗುವಂತೆ ಉಜ್ಜಿರಬೇಕು. ದಬ್ಬೆಗಳನ್ನು ನೆಟ್ಟಗೆ ನಿಲ್ಲಿಸಿ ಬಡಿಯಬೇಕೇ ಹೊರತು ಅಡ್ಡಡ್ಡ ಬಡಿಯಬಾರದು. ಅಡ್ಡ ಪಟ್ಟಿ ಮರಿಗೆ ಏಣಿಯಾಗುತ್ತದೆ. ನಡುವಿನ ಸಂದು ಒಂದೂವರೆ ಅಂಗುಲ ಮೀರದಿರಲಿ. ಸಂದು ಇದಕ್ಕಿಂತ ಅಗಲವಾದರೆ ಮರಿ ಹೊರಗೆ ತೂರಿದ ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳಲಾರದೆ ಸಿಕ್ಕಿಕೊಳ್ಳುತ್ತದೆ. ಮೊಳೆಯ ಚೂಪು ಹೊರಮುಖವಾಗಿದ್ದು ಬಗ್ಗಿಸಿರಬೇಕು. ಹೊಸ ಜಾಲರಿ ಕೊಳ್ಳುವುದಾದರೆ 1 ಅಂಗುಲ ಕಣ್ಣಿನ ಬೆಸುಗೆ ಜಾಲರಿ ತನ್ನಿ. ಕೋಳಿಗೂಡಿನ ತೆಳು ತಂತಿಯನ್ನು ಮರಿ ಒಂದು ವಾರದಲ್ಲಿ ಕಡಿದು ಬಾಯಿ ಹರಿದುಕೊಳ್ಳುತ್ತದೆ. ಮುಳ್ಳುತಂತಿ, ಝಟಕಾ ಬೇಲಿಗಳ ಮಾತೇ ಬೇಡ. ಬಾಗಿಲು ಒಳಕ್ಕೆ ತೆರೆಯುವಂತಿದ್ದು ಹೊರಗಿನಿಂದ ಚಿಲಕ ಇರಲಿ.

ನೆಲದ ವಿಷಯದಲ್ಲಿ ಒಂದು ಮಾತು. ನುಣುಪು ಸಿಮೆಂಟು, ಗ್ರಾನೈಟ್ ತೊಳೆಯಲು ಅನುಕೂಲ. ಆದರೆ ಅದರ ಮೇಲೆ ಕಾಲು ಜಾರಿ ಜಾರಿ ಬೆಳೆಯುವ ಮರಿಯ ಕೀಲು ದುರ್ಬಲವಾಗುತ್ತದೆ. ಒರಟು ಗಾರೆಯ ನೆಲ, ಇಲ್ಲವೇ ನುಣುಪು ನೆಲದ ಮೇಲೆ ಗೋಣಿತಟ್ಟು ಒಳ್ಳೆಯದು. ಗೋಣಿ ಔಷಧಿಯದ್ದಾಗಲಿ ಉಪಚಾರ ಮಾಡಿದ ಬಿತ್ತನೆ ಬೀಜದ್ದಾಗಲಿ ಆಗಿರಬಾರದು. ಒಂದು ಮೂಲೆಯಲ್ಲಿ ಹಾಸಿಗೆ, ಎದುರು ಮೂಲೆಯಲ್ಲಿ ಮಲಮೂತ್ರಕ್ಕೆ ಬೂದಿ ಬೆರೆಸದ ಮಣ್ಣು ಅಥವಾ ಹಳೆ ಕಾಗದ. ನೀರಿಗೆ ಮಗುಚದಂಥ ಕಲ್ಲಿನ ಬೋಗುಣಿ.

ಆವರಣವನ್ನು ಎಲ್ಲಿಡಬೇಕೆಂಬುದು ಅದನ್ನು ಹೇಗೆ ಕಟ್ಟಬೇಕೆಂಬುದಕ್ಕಿಂತ ಮುಖ್ಯ. ಹಿತ್ತಿಲ ಕೊನೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ಇಡುವವರಿದ್ದಾರೆ. ‘ಜನರ ಸಲಿಗೆ ಇಲ್ಲದ ನಾಯಿ ಜೋರಾಗುತ್ತದೆ’ ಎಂಬ ನಂಬಿಕೆ ಇದಕ್ಕೆ ಕಾರಣ. ಇದು ತಪ್ಪು. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಹಲವು ವರ್ಷ ನಾಯಿಮರಿಗಳನ್ನು ಸಾಕಿ ನೋಡಿ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸುಮಾರು 3ನೆಯ ವಾರದಿಂದ 12ನೆಯ ವಾರದವರೆಗಿನ ಅವಧಿ ಮರಿಯು ಮನುಷ್ಯರನ್ನೂ ಇತರ ಪ್ರಾಣಿಗಳನ್ನೂ ತನ್ನವೆಂದು ಅರಿಯುವ ಕಾಲವೆಂದು ತೋರಿಸಿದ್ದಾರೆ. ಆ ಕಾಲದಲ್ಲಿ ಏನನ್ನೂ ಕಾಣದೆ ಬೆಳೆದ ನಾಯಿ ಅಂಜುಬುರುಕವಾಗುತ್ತದೆ. ಅಂಜುಬುರುಕ ನಾಯಿ ಕಳ್ಳನನ್ನು ಕಂಡು ಓಡುತ್ತದೆ, ಮನೆಯ ಮಗುವನ್ನು ಕಚ್ಚುತ್ತದೆ. ಆದ್ದರಿಂದ ಆವರಣವು ಜಗಲಿ ಅಥವಾ ಪಡಸಾಲೆಯಲ್ಲಿ, ಕೋಳಿ, ಕರು, ಮಕ್ಕಳು, ಟ್ರಾಕ್ಟರು ಎಲ್ಲವೂ ಮರಿಗೆ ಕಾಣುವಂತೆ, ಆದರೆ ಅದರ ಬಾಯಿಗೆ ಎಟುಕದಂತೆ ಇರಲಿ. ಮಧ್ಯಾಹ್ನ 2 ಗಂಟೆಗೆ ಅಲ್ಲಿಗೆ ಬಿಸಿಲು ಬೀಳುವುದೇ ಎಂದು ಮುಂಚೆಯೇ ಒಮ್ಮೆ ನೋಡಿಕೊಳ್ಳಿ.

ಎಷ್ಟು ಹೊತ್ತು?

ಎರಡು ತಿಂಗಳ ಮರಿಯನ್ನು ಎಚ್ಚರವಿದ್ದಾಗ ಎರಡು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ಕೂಡಿಡಬಾರದು; ಮೂರು ತಿಂಗಳದ್ದಕ್ಕೆ ಮೂರು ಗಂಟೆ. ಮೂತ್ರ ತಡೆಯುವ ಶಕ್ತಿ ಹೆಚ್ಚುಕಡಿಮೆ ಇಷ್ಟೇ. ಉಂಡ ಕೂಡಲೆ, ನಿದ್ದೆಯಿಂದ ಎದ್ದ ಕೂಡಲೆ ಹೊರಗೆ ಬಿಟ್ಟರೆ ಮರಿ ಮಲಮೂತ್ರದ ಜಾಗವನ್ನು ತಾನೇ ಕಲಿಯುತ್ತದೆ. ಗಂಡ ಹೆಂಡತಿ ಇಬ್ಬರೂ ನಾಟಿಗೋ ಕಟಾವಿಗೋ ಬೆಳಗಿನಿಂದ ಸಂಜೆಯವರೆಗೆ ಹೋಗುವ ಮನೆಗಳಲ್ಲಿ ಮರಿಯನ್ನು ಆ ವಾರಗಳಲ್ಲಿ ತರದಿರುವುದೇ ಲೇಸು. ತರಲೇಬೇಕಾದರೆ ಮನೆಯಲ್ಲಿರುವ ಅಜ್ಜಿಗೋ ನೆರೆಯವರಿಗೋ ಮಧ್ಯಾಹ್ನದ ಹೊತ್ತು ಒಪ್ಪಿಸಿರಿ.

ರಾತ್ರಿಯ ಪೆಟ್ಟಿಗೆ, ಮರಿ ಎದ್ದು ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಇದ್ದರೆ ಸಾಕು. ತರಕಾರಿ ಸಾಗಿಸುವ ಪ್ಲಾಸ್ಟಿಕ್ ಕ್ರೇಟು ಮೊದಲ ಮೂರು ನಾಲ್ಕು ವಾರಕ್ಕೆ ನಡೆಯುತ್ತದೆ. ಔಷಧಿ ಡಬ್ಬ ತಂದ ರಟ್ಟಿನ ಪೆಟ್ಟಿಗೆ ಬೇಡ. ಮೊದಲ ರಾತ್ರಿಗಳಲ್ಲಿ ಮರಿ ಅಳುವುದು ಹಟವಲ್ಲ. ಅದುವರೆಗೆ ಅದು ಒಡಹುಟ್ಟಿದವುಗಳ ಮೈಗೆ ಒತ್ತಿಕೊಂಡು ಮಲಗಿತ್ತು. ಪೆಟ್ಟಿಗೆಯನ್ನು ನೀವು ಮಲಗುವ ಕಡೆಯೇ ಇಟ್ಟು, ನಡುರಾತ್ರಿ ಒಮ್ಮೆ ಹೊರಗೆ ಕರೆದೊಯ್ದರೆ ನಾಲ್ಕೈದು ದಿನಗಳಲ್ಲಿ ಅಳು ನಿಲ್ಲುತ್ತದೆ. ಪೆಟ್ಟಿಗೆಯನ್ನಾಗಲಿ ಆವರಣವನ್ನಾಗಲಿ ಶಿಕ್ಷೆಗೆ ಬಳಸಬಾರದು. ಹೊಡೆದು ಒಳಗೆ ತಳ್ಳಿದ ಮರಿ ಮತ್ತೆ ತಾನಾಗಿ ಒಳಗೆ ಹೋಗುವುದಿಲ್ಲ.

ರೋಗದ ವಿಚಾರ

ಆವರಣದಲ್ಲಿಡುವುದರಿಂದ ಇನ್ನೊಂದು ಲಾಭವಿದೆ. ಲಸಿಕೆಗಳು ಮುಗಿಯುವವರೆಗೆ ಮರಿ ಬೀದಿ ನಾಯಿಗಳ ಸಂಪರ್ಕಕ್ಕೆ ಬಾರದು. ಪಾರ್ವೊ, ಡಿಸ್ಟೆಂಪರ್ ರೋಗಗಳ ಲಸಿಕೆಯನ್ನು 6ರಿಂದ 8ನೆಯ ವಾರದಲ್ಲಿ ಆರಂಭಿಸಿ, 3-4 ವಾರಗಳ ಅಂತರದಲ್ಲಿ 16ನೆಯ ವಾರದವರೆಗೆ ಹಾಕಿಸಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ತಪ್ಪಬಾರದು. ಜಂತುಹುಳುವಿನ ಔಷಧಿಯನ್ನು ಪಶುವೈದ್ಯರು ಹೇಳಿದ ಅಂತರದಲ್ಲಿ ಕೊಡಿ. ಹಿಂದೆ ಅದೇ ಜಾಗದಲ್ಲಿ ಮರಿಯೊಂದು ರಕ್ತಭೇದಿಯಿಂದ ಸತ್ತಿದ್ದರೆ ಅಲ್ಲಿ ಆವರಣ ಹೂಡಬೇಡಿ. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸಾಮಾನ್ಯ ಫಿನಾಯಿಲನ್ನು ನಂಬುವಂತಿಲ್ಲ. ಗಟ್ಟಿ ನೆಲವಾದರೆ ಬಟ್ಟೆಗೆ ಬಳಸುವ ಬ್ಲೀಚ್ ದ್ರಾವಣದ 1 ಭಾಗಕ್ಕೆ 30 ಭಾಗ ನೀರು ಸೇರಿಸಿ ತೊಳೆದು, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ನೀರು ಹಾಯಿಸಿ.

ಮರಿ ವಿಷ ತಿಂದಿದೆ ಎಂಬ ಅನುಮಾನ ಬಂದಲ್ಲಿ ಉಪ್ಪುನೀರು, ಹುಣಸೆ ನೀರು ಕುಡಿಸುತ್ತ ಕಾಲ ಕಳೆಯಬೇಡಿ. ಔಷಧಿಯ ಪೊಟ್ಟಣದ ಸಮೇತ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಪಶು ಸಂಜೀವಿನಿ ಸೇವೆಗೆ 1962 ಸಂಖ್ಯೆಗೆ ಕರೆ ಮಾಡಬಹುದು. ಇಲಿ ಪಾಷಾಣ ತಿಂದ ಮರಿ ವಾಂತಿ ಮಾಡಿಕೊಂಡರೆ ಅದರಿಂದ ಹೊರಡುವ ಅನಿಲ ಮನುಷ್ಯರಿಗೂ ಅಪಾಯಕರವಾದುದರಿಂದ ಮರಿಯನ್ನು ಬಯಲಿನಲ್ಲಿಡಿ, ವಾಹನದ ಕಿಟಕಿಗಳನ್ನು ತೆರೆದಿಡಿ.

ಐದು ತಿಂಗಳಾಗುವ ಹೊತ್ತಿಗೆ ಮರಿಗೆ ಮನೆಯ ಎಲ್ಲೆ ತಿಳಿದಿರುತ್ತದೆ. ಆಗ ಮೊದಲು ಸಂಜೆ ಒಂದು ಗಂಟೆ, ನಂತರ ಅರ್ಧ ದಿನ ಎಂಬಂತೆ ಅಂಗಳಕ್ಕೆ ಬಿಡುತ್ತ ಬನ್ನಿ. ಔಷಧಿ ಸಿಂಪಡಿಸಿದ ದಿನ, ವಿಷ ತಿನಿಸು ಎರಚಿದ ದಿನ, ಹರಳಿಂಡಿ ಹಾಕಿ ಮಣ್ಣು ಮುಚ್ಚುವವರೆಗೆ ಮಾತ್ರ ದೊಡ್ಡ ನಾಯಿಯನ್ನೂ ಒಳಗೇ ಇರಿಸಿ. ಆವರಣ ಖಾಲಿಯಾದ ಮೇಲೆ ದಬ್ಬೆಗಳನ್ನು ಬಿಚ್ಚಿ, ತೊಳೆದು, ಬಿಸಿಲಿನಲ್ಲಿ ಒಣಗಿಸಿ ಅಟ್ಟದಲ್ಲಿಟ್ಟರೆ ಮುಂದಿನ ಹಂಗಾಮಿಗೆ ಕೋಳಿಮರಿಗಳಿಗೆ ಒದಗುತ್ತವೆ. ಆಗ ಸಂದುಗಳಿಗೆ ಸಣ್ಣ ಕಣ್ಣಿನ ಜಾಲರಿಯೊಂದನ್ನು ಹೊದಿಸಬೇಕಷ್ಟೆ.