ಬಿಲ್ಲಿಗಿಂತ ಮೊದಲು ಬಾಣ ನೋಡು

ಮಗಾ, ಮಿಷಿಗನ್‌ಗೆ ಬಂದು ನೆಲೆ ನಿಂತ ಮೇಲೆ ನಿನಗೂ ಬಿಲ್ಲಿನ ಬೇಟೆಯ ಆಸೆ ಹತ್ತಿದೆ ಅಂತ ನಿಮ್ಮಪ್ಪ ಹೇಳಿದರು. ನಮ್ಮೂರಲ್ಲಿ ಅದು ಕಾನೂನು ಪ್ರಕಾರ ಅಪರಾಧ. ಇಲ್ಲಿ ಲೈಸೆನ್ಸ್ ಪಡೆದು, ಸೀಸನ್ನಿನಲ್ಲಿ, ನಿಯಮ ಮೀರದೆ ಬಿಳಿಬಾಲದ ಜಿಂಕೆಯನ್ನು ಹೊಡೆಯಬಹುದು. ಬಿಲ್ಲಿಗೆ ಸಾವಿರ ಡಾಲರ್ ಸುರಿದು ಬಾಣದ ಹತ್ತಿರ ಬಂದಾಗ ಚೌಕಾಸಿಗೆ ಇಳಿಯುವ ಹುಡುಗರನ್ನು ಕಂಡಿದ್ದೇನೆ. ನೀನು ಹಾಗೆ ಮಾಡಬೇಡ. ಬಿಲ್ಲು ನಿನ್ನ ಕೈಯಲ್ಲೇ ಉಳಿಯುತ್ತದೆ, ಜಿಂಕೆಯ ಮೈ ಹೊಗುವುದು ಬಾಣ. ಆ ಪ್ರಾಣಿ ಅರೆನಿಮಿಷದಲ್ಲಿ ಬೀಳುತ್ತದೋ, ಪೊದೆಯಲ್ಲಿ ನರಳಿ ಸಾಯುತ್ತದೋ ಎಂಬುದರಲ್ಲಿ ಬಾಣದ ಪಾಲು ದೊಡ್ಡದು.

ಬಾಣದ ಕೋಲಿನ ಮೇಲೆ 500, 400, 340 ಎಂಬ ಅಂಕಿಗಳಿರುತ್ತವೆ. ಅದನ್ನು ಸ್ಪೈನ್ ಅನ್ನುತ್ತಾರೆ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಕೋಲನ್ನಿಟ್ಟು, ನಟ್ಟನಡುವೆ 880 ಗ್ರಾಂ ತೂಕ ನೇತುಹಾಕಿದಾಗ ಅರ್ಧ ಇಂಚು ಬಾಗಿದರೆ ಅದು 500, 0.34 ಇಂಚು ಬಾಗಿದರೆ 340. ಅಂಕಿ ಇಳಿದಷ್ಟೂ ಕೋಲು ಗಡುಸು. ಹೆದೆ ಬಿಟ್ಟ ಕ್ಷಣ ಯಾವ ಬಾಣವೂ ಬಳುಕದೆ ಹೋಗುವುದಿಲ್ಲ. ಆ ಬಳುಕು ಬಿಲ್ಲಿನ ಬಲಕ್ಕೆ ಹೊಂದಬೇಕು, ಇಲ್ಲದಿದ್ದರೆ ಬಾಣ ಬಾಲ ಬೀಸುತ್ತಾ ಹೋಗಿ ಓರೆಯಾಗಿ ನಾಟುತ್ತದೆ, ಒಳಗೆ ಇಳಿಯುವುದಿಲ್ಲ. 60 ಪೌಂಡಿನ ಕಾಂಪೌಂಡ್ ಬಿಲ್ಲು, 28 ಇಂಚಿನ ಬಾಣ, 100 ಗ್ರೇನ್ ಮೊನೆ ಎಂದಾದರೆ ಸಾಮಾನ್ಯವಾಗಿ 400ರ ಆಸುಪಾಸು. ಮೊನೆಯ ಭಾರ ಹೆಚ್ಚಿಸಿದರೆ ಅಥವಾ ಕೋಲನ್ನು ಉದ್ದ ಬಿಟ್ಟರೆ ಅದೇ ಕೋಲು ಇನ್ನಷ್ಟು ಬಳುಕುತ್ತದೆ. ಆಗ 340 ಬೇಕಾಗಬಹುದು. ಆದ್ದರಿಂದ ಮೊನೆ, ಉದ್ದ ಇವೆರಡನ್ನೂ ಮೊದಲು ನಿಶ್ಚಯಿಸಿಕೊಂಡು, ಆಮೇಲೆ ತಯಾರಕರ ಚಾರ್ಟ್ ನೋಡು.

ಬಾಣದ ತೂಕದ ವಿಚಾರದಲ್ಲಿ ನಿನ್ನ ವಯಸ್ಸಿನವರು ವೇಗಕ್ಕೆ ಮರುಳಾಗುತ್ತಾರೆ. ಬಿಲ್ಲಿನ ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್ ಇರಬೇಕು, ಅಂದರೆ 60 ಪೌಂಡಿಗೆ 300. ಅದಕ್ಕಿಂತ ಹಗುರವಾದರೆ ಬಾಣವಿಲ್ಲದೆ ಹೆದೆ ಬಿಟ್ಟ ಹಾಗೆ, ಬಿಲ್ಲೇ ಸೀಳಬಹುದು. ಬೇಟೆಗೆ ನಾನು ಹೇಳುವುದು 420ರಿಂದ 480. ಭಾರದ ಬಾಣದಲ್ಲಿ ಬಿಲ್ಲಿನ ಸದ್ದು ಕಡಿಮೆ. ಹೆದೆಯ ಸದ್ದಿಗೇ ಜಿಂಕೆ ಮೈ ತಗ್ಗಿಸಿ ಜಿಗಿಯುತ್ತದೆ, ಗೊತ್ತಿರಲಿ. ಮೂಳೆ ಅಡ್ಡ ಬಂದರೂ ಭಾರದ ಬಾಣ ಮುಂದೆ ನುಗ್ಗುತ್ತದೆ. ದೂರಕ್ಕೆ ಅದು ಬೇಗ ಇಳಿಯುತ್ತದೆ ನಿಜ. ಆದರೆ ಹೊಸಬನಾದ ನೀನು 20–25 ಗಜಕ್ಕಿಂತ ಆಚೆ ಹೊಡೆಯಲೇಬಾರದು.

ಇನ್ನು ಅಲಗು. ಗುಂಡಿನಂತೆ ಬಾಣ ಆಘಾತದಿಂದ ಕೊಲ್ಲುವುದಿಲ್ಲ, ಕೊಯ್ದು ರಕ್ತ ಹರಿಸಿ ಕೊಲ್ಲುತ್ತದೆ. ಮೊಂಡು ಅಲಗು ಹಿಡಿದು ಕಾಡಿಗೆ ಹೋಗುವುದು ಕ್ರೌರ್ಯ, ನಾನು ಅದನ್ನು ಬೇರೆ ಹೆಸರಿನಿಂದ ಕರೆಯಲಾರೆ. ವೃತ್ತಪತ್ರಿಕೆಯ ಹಾಳೆಯನ್ನು ತೂಗಿ ಹಿಡಿದು ಅಲಗು ತಾಗಿಸು; ಸರ್ರನೆ ಸೀಳಬೇಕು, ಹರಿಯಬಾರದು. ತಾಗಿದಾಗ ಬಿಚ್ಚಿಕೊಳ್ಳುವ ಅಲಗುಗಳೂ ಸಿಗುತ್ತವೆ. ಬಿಚ್ಚಿಕೊಳ್ಳುವುದಕ್ಕೇ ಒಂದಿಷ್ಟು ಬಲ ಖರ್ಚಾಗುತ್ತದೆ, ಅದಕ್ಕೇ ಮೊದಲ ವರ್ಷ ಸ್ಥಿರ ಅಲಗೇ ಸಾಕು ಅನ್ನುತ್ತೇನೆ. ಅಭ್ಯಾಸದ ಮೊನೆ ಗುರಿಗೆ ಬಿತ್ತೆಂದು ಅಲಗೂ ಅಲ್ಲೇ ಬೀಳುತ್ತದೆ ಎಂದುಕೊಳ್ಳಬೇಡ. ಅಲಗು ಮುಂದುಗಡೆ ಗಾಳಿ ಹಿಡಿಯುತ್ತದೆ. ಸ್ಪೈನ್ ತಪ್ಪಿದ್ದರೆ, ಬಿಲ್ಲಿನ ಹೊಂದಾಣಿಕೆ ಸರಿಯಿಲ್ಲದಿದ್ದರೆ, ಬಾಣ ಎಲ್ಲಿಗೋ ಹೋಗುತ್ತದೆ. ಅಲಗು ಹಾಕಿಯೇ ಹೊಡೆದು ನೋಡು, ಅಭ್ಯಾಸಕ್ಕೆ ಬಳಸಿದ ಅಲಗನ್ನು ಮತ್ತೆ ಮಸೆಯದೆ ಅಥವಾ ಬದಲಿಸದೆ ಬೇಟೆಗೆ ಒಯ್ಯಬೇಡ.

ಕಾರ್ಬನ್ ಕೋಲನ್ನು ಪ್ರತಿ ಸಲ ಹೊಡೆಯುವ ಮುಂಚೆ ಕಿವಿಯ ಹತ್ತಿರ ಹಿಡಿದು ತುಸು ಬಾಗಿಸು, ಸುತ್ತ ತಿರುಗಿಸಿ ಮತ್ತೆ ಬಾಗಿಸು. ಚಿಟಿಚಿಟಿ ಸದ್ದು ಕೇಳಿದರೆ ಮುರಿದು ಬಿಸಾಡು. ಬಿರುಕು ಬಿಟ್ಟ ಕೋಲು ಹೆದೆಯಲ್ಲೇ ಒಡೆದು ಅದರ ಸಿಬಿರು ಬಿಲ್ಲು ಹಿಡಿದ ಕೈಗೆ ಹೊಕ್ಕೀತು.

ಇಲ್ಲಿ ಬಿಲ್ಲಿನ ಸೀಸನ್ ಅಕ್ಟೋಬರ್ 1ಕ್ಕೆ ಶುರು. ಸೆಪ್ಟೆಂಬರ್ ಕೊನೆಗೆ ಅಂಗಡಿಗೆ ಓಡಬೇಡ; ಜುಲೈನಲ್ಲೇ ಒಂದು ಡಜನ್ ಒಂದೇ ತೂಕದ ಬಾಣ ತೆಗೆದುಕೊಂಡು ಒಂದು ಭಾನುವಾರ ಮನೆಗೆ ಬಾ, ಇಬ್ಬರೂ ಕೂತು ತೂಗಿ ನೋಡೋಣ.