ಎಎಂಪಿಕೆ: ಮುಪ್ಪನ್ನು ಹಗುರಗೊಳಿಸಬಲ್ಲ ಕಿಣ್ವ

ನಮ್ಮ ಮೈಯ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಎಎಂಪಿಕೆ ಎಂಬ ಕಿಣ್ವವಿದೆ. ಕೋಶದಲ್ಲಿ ಶಕ್ತಿ ಎಷ್ಟು ಉಳಿದಿದೆ ಎಂದು ಸದಾ ನೋಡಿಕೊಳ್ಳುವುದೇ ಇದರ ಕೆಲಸ. ಮುಪ್ಪಿನ ಬಗ್ಗೆ ಸಂಶೋಧನೆ ಮಾಡುವವರಿಗೆ ಇದರ ಮೇಲೆ ಯಾಕಿಷ್ಟು ಆಸಕ್ತಿ? ಮೊದಲಿನಿಂದ ನೋಡೋಣ.

ಕೋಶದ ಕೆಲಸಗಳಿಗೆ ಬೇಕಾದ ಶಕ್ತಿ ಎಟಿಪಿ ಎಂಬ ಅಣುವಿನಿಂದ ಬರುತ್ತದೆ. ಅದರಲ್ಲಿ ಮೂರು ಫಾಸ್ಫೇಟುಗಳಿವೆ. ಒಂದು ಕಳಚಿದಾಗ ಶಕ್ತಿ ಸಿಗುತ್ತದೆ, ಉಳಿಯುವುದು ಎಡಿಪಿ. ಎಟಿಪಿ ಸಾಲದಾದಾಗ ಕೋಶವು ಎರಡು ಎಡಿಪಿಗಳನ್ನು ಸೇರಿಸಿ ಒಂದು ಎಟಿಪಿ ಮಾಡಿಕೊಳ್ಳುತ್ತದೆ. ಜೊತೆಗೆ ಒಂದು ಎಎಂಪಿ ಉಳಿಯುತ್ತದೆ. ಹಾಗಾಗಿ ಎಎಂಪಿ ಹೆಚ್ಚಿತು ಎಂದರೆ ಶಕ್ತಿಗೆ ಕೊರತೆ ಬಂತು ಎಂದರ್ಥ. ಈ ಎಎಂಪಿ ಬಂದು ಅಂಟಿಕೊಂಡಾಗ ಕಿಣ್ವ ಚುರುಕಾಗುತ್ತದೆ.

ತಿಂಗಳ ಕೊನೆಗೆ ಕೈ ಬರಿದಾದಾಗ ಮನೆಯವರು ಹೊಸ ಖರೀದಿ ನಿಲ್ಲಿಸಿ, ಮೂಲೆಯ ಗುಜರಿ ಮಾರಿ ನಾಲ್ಕು ಕಾಸು ಮಾಡಿಕೊಳ್ಳುತ್ತಾರಲ್ಲ, ಎಎಂಪಿಕೆ ಮಾಡಿಸುವುದೂ ಅದನ್ನೇ. ಕೊಬ್ಬು ಮತ್ತು ಕೊಲೆಸ್ಟರಾಲ್ ತಯಾರಿಕೆ ತಗ್ಗುತ್ತದೆ, ಇದ್ದ ಕೊಬ್ಬು ಉರಿಯುತ್ತದೆ, ಸ್ನಾಯುಗಳು ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತವೆ. ಕೆಟ್ಟುಹೋದ ಭಾಗಗಳನ್ನು ಕೋಶ ತಾನೇ ಒಡೆದು ಮರುಬಳಸಿಕೊಳ್ಳುತ್ತದೆ. ಇದನ್ನು ಆಟೋಫೇಜಿ ಎನ್ನುತ್ತಾರೆ. ಅದು ನಡೆಯುವ ಬಗೆಯನ್ನು ಬಿಡಿಸಿ ತೋರಿಸಿದ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ವಯಸ್ಸಾದಂತೆ ಈ ಶುಚಿಕಾರ್ಯ ಕುಂದಿ, ಕೋಶಗಳಲ್ಲಿ ಕಸ ಸೇರುತ್ತದೆ. ಮುಪ್ಪಿಗೂ ಈ ಕಿಣ್ವಕ್ಕೂ ನಂಟು ಇರುವುದು ಇಲ್ಲಿಯೇ.

2014ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ವಾಕರ್ ತಂಡ ಹಣ್ಣುನೊಣಗಳ ಕರುಳಿನಲ್ಲಿ ಎಎಂಪಿಕೆ ಹೆಚ್ಚಿಸಿತು. ಆರು ವಾರ ಬದುಕುವ ನೊಣಗಳು ಸುಮಾರು ಎಂಟು ವಾರ ಬದುಕಿದವು, ಹೆಚ್ಚು ಕಾಲ ಆರೋಗ್ಯವಾಗಿಯೂ ಇದ್ದವು. ಕರುಳಿನಲ್ಲಿ ಮಾಡಿದ ಬದಲಾವಣೆಯ ಫಲ ದೂರದ ಮಿದುಳಿಗೂ ತಲುಪಿತ್ತು.

ಹಾಗಾದರೆ ಮಾತ್ರೆ ನುಂಗಿ ಈ ಕಿಣ್ವವನ್ನು ಸದಾ ಎಚ್ಚರವಾಗಿಡಬಹುದೇ? ಅವಸರ ಬೇಡ. ಈ ಕಿಣ್ವದ ಒಂದು ಭಾಗವನ್ನು ರೂಪಿಸುವ ಜೀನ್ ಹುಟ್ಟಿನಿಂದಲೇ ಕೆಟ್ಟಿರುವ ಕೆಲವರಲ್ಲಿ ಕಿಣ್ವ ಬೇಡದಾಗಲೂ ಚುರುಕಾಗಿದ್ದು, ಹೃದಯದ ಸ್ನಾಯುವಿನೊಳಗೆ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ ತುಂಬಿಕೊಂಡು ಬಡಿತದ ಲಯ ತಪ್ಪುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಎಎಂಪಿಕೆಯನ್ನು ಚುರುಕುಗೊಳಿಸುತ್ತದೆ, ನಿಜ. ಆದರೆ ಆರೋಗ್ಯವಂತರ ಮುಪ್ಪನ್ನು ಅದು ನಿಧಾನಿಸುತ್ತದೆ ಎಂಬುದು ಸಾಬೀತಾಗಿಲ್ಲ. ವೈದ್ಯರು ಹೇಳದೆ ಅದನ್ನು ತೆಗೆದುಕೊಳ್ಳಬೇಡಿ.

ಬೇಕಾದಾಗ ಎದ್ದು, ಕೆಲಸ ಮುಗಿದ ಮೇಲೆ ಸುಮ್ಮನಾಗುವುದು ಈ ಕಿಣ್ವದ ಸಹಜ ಕ್ರಮ. ಬೆವರು ಬರುವಷ್ಟು ಮೈ ದಣಿಸಿದಾಗ ಸ್ನಾಯುಗಳಲ್ಲಿ ಎಟಿಪಿ ಖರ್ಚಾಗಿ ಎಎಂಪಿಕೆ ಚುರುಕಾಗುತ್ತದೆ. ವಿಶ್ರಾಂತಿ ಸಿಕ್ಕಾಗ ತಣ್ಣಗಾಗುತ್ತದೆ. ನಿಮ್ಮ ಮೈ ತಡೆದುಕೊಳ್ಳುವಷ್ಟು ಬಿರುಸಾಗಿ ದಿನವೂ ನಡೆಯಿರಿ. ಸದ್ಯಕ್ಕೆ ನಮ್ಮ ಕೈಯಲ್ಲಿರುವ, ನಂಬಿಕೆಗೆ ಅರ್ಹವಾದ ದಾರಿ ಅದೇ.